ಕೌಸರಳ ಕಾಲಿಗೆ ಎರಡು ಗಾದಿ

ಸಿಂದಗಿಯಲ್ಲಿ ಗಾದಿ ಹೊಲಿಯುವ ಬಂದಗಿಸಾಬ ನದಾಫರ ಮುಂದೆ ಸ್ಪಂಜಿನ ಹೆಸರೆತ್ತಬಾರದು. ಎತ್ತಿದಿರೋ, ಕೆಟ್ಟಿರಿ, ಅರ್ಧ ತಾಸು ಹೋಯಿತೆಂದೇ ತಿಳಿಯಿರಿ. ಸ್ಪಂಜಿನ ಗಾದಿ ಮೈಯ ಶಾಖವನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ, ಎರಡೇ ವರ್ಷಕ್ಕೆ ಹೇಗೆ ಕುಸಿದು ರೊಟ್ಟಿಯಾಗುತ್ತದೆ, ಅದೇ ಹತ್ತಿಯ ಗಾದಿಯಾದರೆ ಬಿಚ್ಚಿ ಹಿಂಜಿಸಿ ಮತ್ತೆ ತುಂಬಿಸಿದರೆ ಮೊಮ್ಮಕ್ಕಳ ಕಾಲಕ್ಕೂ ಹೇಗೆ ಬರುತ್ತದೆ ಎಂದು ಕೂರಿಸಿಕೊಂಡು ಹೇಳುವ ಆಸಾಮಿ ಅವರು. ಬಂದ ಗಿರಾಕಿ ಅವರದೇ ಚಹಾ ಕುಡಿದು, ಹೌದ್ರಿ ಹೌದ್ರಿ ಎಂದು ತಲೆಯಾಡಿಸಿ, ಎದುರಿನ ಅಂಗಡಿಗೆ ಹೋಗಿ ಸ್ಪಂಜಿನದನ್ನೇ ಕೊಂಡು ಹೋಗುವುದೂ ಉಂಟು. ಆಗ ಬಂದಗಿಸಾಬರು ಇಡೀ ದಿನ ಯಾರ ಜೊತೆಯೂ ಮಾತಾಡುವುದಿಲ್ಲ.

ಇಂಥ ಮನುಷ್ಯ ಹಾಕಿ ಆಟದ ಪ್ಯಾಡು ಹೊಲಿದದ್ದು ಮಗಳ ದೆಸೆಯಿಂದ. ಕೌಸರ ಬಿ.ಎ. ಮೊದಲ ವರ್ಷಕ್ಕೆ ಸೇರಿದಾಗ ಕಾಲೇಜಿನ ಹುಡುಗಿಯರ ಹಾಕಿ ತಂಡಕ್ಕೆ ಹತ್ತು ಜನ ಸಿಕ್ಕಿದ್ದರು, ಗೋಲು ಕಾಯಲು ಮಾತ್ರ ಯಾರೂ ಒಪ್ಪಿರಲಿಲ್ಲ. ನಾನು ನಿಲ್ಲುತ್ತೇನೆ ಎಂದಳು ಕೌಸರ. ನಿಂತಳು. ಸಂಜೆ ಮನೆಗೆ ಬಂದು ತೋರಿಸಿದರೆ ಎರಡೂ ಮೊಣಕಾಲಿನ ಕೆಳಗೆ ಬದನೆಕಾಯಿಯ ಬಣ್ಣ. ಕಾಲೇಜಿನ ಹಳೆಯ ಪ್ಯಾಡಿನೊಳಗಿನ ಸ್ಪಂಜು ಪುಡಿಯಾಗಿ ಉದುರಿಹೋಗಿತ್ತಂತೆ. ಸ್ಪಂಜು! ಬಂದಗಿಸಾಬರಿಗೆ ಇನ್ನೇನು ಬೇಕು?

ಮೂರು ದಿನ ಗಿರಾಕಿಗಳ ಗಾದಿಯನ್ನೆಲ್ಲ ಬದಿಗೆ ಸರಿಸಿದರು. ಒಳ್ಳೆಯ ಹತ್ತಿಯನ್ನು ಎರಡೆರಡು ಸಲ ಹಿಂಜಿ, ದಪ್ಪ ಕ್ಯಾನ್ವಾಸಿನ ಚೀಲದೊಳಗೆ ಬಡಿದು ಬಡಿದು ತುಂಬಿ, ನಡುನಡುವೆ ಬಿದಿರಿನ ಸೀಳು ಕೂರಿಸಿ, ದಬ್ಬಣದಿಂದ ಒತ್ತೊತ್ತಾಗಿ ಹೊಲಿದರು. ಕಟ್ಟಲು ಬಕಲು ಗಿಕಲು ಇಲ್ಲ. ಮಂಚಕ್ಕೆ ನೇಯುವ ನವಾರದ ಪಟ್ಟಿ, ಒಂದೊಂದು ಕಾಲಿಗೆ ನಾಲ್ಕು. ಪರೀಕ್ಷೆ ಮಾಡಲು ತಮ್ಮ ಕಾಲಿಗೇ ಕಟ್ಟಿಕೊಂಡು ಅಂಗಳದಲ್ಲಿ ನಿಂತು, ಬಟ್ಟೆ ಒಗೆಯುವ ಬಡಿಗೆಯಿಂದ ಹೊಡೆ ಎಂದು ಹೆಂಡತಿ ಅಬಿದಾಗೆ ಹೇಳಿದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಇಂಥ ಅವಕಾಶ ಎಷ್ಟು ಜನ ಹೆಂಗಸರಿಗೆ ಸಿಗುತ್ತದೆ? ಎರಡು ಸಾಕು ಎಂದರೂ ಆಕೆ ಏಳು ಹೊಡೆದಳು. ಕಾಲಿಗೆ ಏನೂ ಆಗಲಿಲ್ಲ.

ಆ ಪ್ಯಾಡಿನ ಗುಣವೇ ಬೇರೆ. ಸ್ಪಂಜಿನದಕ್ಕೆ ಬಡಿದ ಚೆಂಡು ಸಿಡಿದು ಎತ್ತಲೋ ಹೋಗುತ್ತದೆ. ಹತ್ತಿಯದಕ್ಕೆ ಬಡಿದರೆ ಧಪ್ಪೆಂದು ಸದ್ದಾಗಿ ಅಲ್ಲೇ ಪಾದದ ಮುಂದೆ ಬಿದ್ದುಬಿಡುತ್ತದೆ. ಬಿದ್ದ ಚೆಂಡನ್ನು ಸ್ಟಿಕ್ಕಿನಿಂದ ಪಕ್ಕಕ್ಕೆ ತಳ್ಳುವುದನ್ನು ಕೌಸರ ರೂಢಿ ಮಾಡಿಕೊಂಡಳು. ತಂಡದ ಉಳಿದವರು ಅವಳನ್ನು ಗಾದಿ ಹುಡುಗಿ ಎಂದು ಕರೆಯತೊಡಗಿದರು. ಅವಳು ಅದಕ್ಕೆ ಬೇಜಾರು ಮಾಡಿಕೊಂಡವಳಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರಿನ ಕಾಲೇಜುಗಳ ನಡುವೆ ವರ್ಷಕ್ಕೊಮ್ಮೆ ಹುಡುಗಿಯರ ಹಾಕಿ ಪಂದ್ಯಾವಳಿ ನಡೆಯುತ್ತದೆ. ಕಪ್ ಗೆದ್ದ ಒಂದೇ ತಂಡ ಮುಂದೆ ವಿಶ್ವವಿದ್ಯಾಲಯದ ಮಟ್ಟಕ್ಕೆ ಹೋಗಬೇಕು. ಹಿಂದಿನ ಎರಡು ವರ್ಷ ಸಿಂದಗಿಯವರು ಮೊದಲ ಪಂದ್ಯದಲ್ಲೇ ಸೋತು ಬಸ್ಸು ಹತ್ತಿದ್ದರು. ಈ ಸಲ ಇಂಡಿಯನ್ನು ಸೋಲಿಸಿ ಫೈನಲ್ ಮುಟ್ಟಿದ್ದರು. ಕೌಸರಳದು ಕೊನೆಯ ವರ್ಷ. ಈ ಕಪ್ ತಪ್ಪಿದರೆ ಅವಳ ಆಟ ಇಲ್ಲಿಗೇ ಮುಗಿದಂತೆ. ಫೈನಲ್ಲಿನ ಹಿಂದಿನ ದಿನ, ಪಂದ್ಯಾವಳಿ ನಡೆಯುತ್ತಿದ್ದ ಬಾಗೇವಾಡಿಯಿಂದ ಅಪ್ಪನಿಗೆ ಫೋನು ಮಾಡಿ, ಮೂರು ವರ್ಷದಲ್ಲಿ ಒಂದು ಆಟವನ್ನೂ ನೀನು ನೋಡಿಲ್ಲ, ಇದಕ್ಕಾದರೂ ಬಾ ಎಂದಿದ್ದಳು. ಪ್ರತಿಸಲ ಅಂಗಡಿ ಬಿಟ್ಟು ಹೇಗೆ ಬರಲಿ ಎನ್ನುತ್ತಿದ್ದ ಬಂದಗಿಸಾಬರು ಈ ಸಲ ಹ್ಞೂಂ ಎಂದರು.

ಶುಕ್ರವಾರ. ದೇವರ ಹಿಪ್ಪರಗಿ ಮೇಲಿಂದ ಬಸ್ಸಿನಲ್ಲಿ ಬಂದು, ಬಾಗೇವಾಡಿಯಲ್ಲೇ ನಮಾಜು ಮುಗಿಸಿ, ಮೈದಾನದ ಅಂಚಿನ ಬೇವಿನ ಗಿಡದ ಕೆಳಗೆ ಕೂತರು. ಎದುರಾಳಿ ಮುದ್ದೇಬಿಹಾಳ. ಆ ತಂಡದ ಗೋಲ್‌ಕೀಪರ್ ವಿಜಯಶ್ರೀ ಎಂಬ ಉದ್ದನೆಯ ಹುಡುಗಿ. ಅವಳ ಕಾಲಲ್ಲಿ ಹೊಚ್ಚ ಹೊಸ ಹಳದಿ ಸ್ಪಂಜಿನ ಪ್ಯಾಡು. ನೋಡಿದ ತಕ್ಷಣ ಬಂದಗಿಸಾಬರ ಮುಖ ಹುಳ್ಳಗಾಯಿತು.

ಆಟ ಶುರುವಾಯಿತು. ಗರಸುಮಣ್ಣಿನ ಮೈದಾನ, ಚೆಂಡು ಪುಟಿದೆದ್ದು ಎಲ್ಲೆಂದರಲ್ಲಿ ಹಾರುತ್ತಿತ್ತು. ಮುದ್ದೇಬಿಹಾಳದವರು ಮೇಲಿಂದ ಮೇಲೆ ಏರಿ ಬಂದರು. ಕೌಸರಳ ಗೋಲಿನ ಮುಂದೆ ಮತ್ತೆ ಮತ್ತೆ ಧಪ್, ಧಪ್ ಎಂದು ಸದ್ದು. ಪ್ರತಿ ಸದ್ದಿಗೂ ಸಿಂದಗಿಯ ಹುಡುಗಿಯರು ಕುಣಿದಾಡಿದರು, ಅವರಿಗೆ ಆಟ ಕಲಿಸುವ ರಾವಸಾಬ ಸರ್ ಸೀಟಿ ಹೊಡೆದರು. ಬಂದಗಿಸಾಬರು ಮಾತ್ರ ತಲೆ ಬಗ್ಗಿಸಿ ಅಂಗಿಗೆ ಹತ್ತಿದ ಹತ್ತಿಯ ಎಳೆ ಆರಿಸುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಮನಗೂಳಿಯ ಹಿರಿಯರೊಬ್ಬರು, ಆ ಹುಡುಗಿ ನಿಮ್ಮ ಮಗಳೆಂದಿರಿ, ಒಂದು ಚಪ್ಪಾಳೆಯನ್ನಾದರೂ ಹೊಡೆಯಬಾರದೇ ಎಂದು ಕೇಳಿಯೇಬಿಟ್ಟರು. ಬಂದಗಿಸಾಬರು ಅದಕ್ಕೂ ಹ್ಞೂಂ ಎಂದರು. ಎಂಥ ಒಣ ಮನುಷ್ಯನಪ್ಪಾ ಎಂದುಕೊಂಡು ಆ ಹಿರಿಯರು ಸ್ವಲ್ಪ ದೂರ ಸರಿದು ಕೂತರು.

ಎರಡೂ ಕಡೆ ಒಂದೊಂದು ಗೋಲು. ಆಟ ಮುಗಿಯುವ ಹೊತ್ತಿಗೆ ಸಿಂದಗಿಯ ನಾಯಕಿ ವಿದ್ಯಾವತಿ ಬೀಸಿ ಹೊಡೆದ ಚೆಂಡು ವಿಜಯಶ್ರೀಯ ಬಲಗಾಲಿಗೆ ಬಡಿಯಿತು. ಗೋಲಾಗಲಿಲ್ಲ. ಆದರೆ ಆ ಹೊಸ ಪ್ಯಾಡು ನಡುವೆ ಬಿರಿದು, ಬಕಲು ಕಿತ್ತು, ಹುಡುಗಿಯ ಕಾಲಿನಿಂದ ಜೋತುಬಿತ್ತು. ಅಷ್ಟರಲ್ಲಿ ಅಂಪೈರ್ ಸೀಟಿಯೂ ಊದಿದರು. ಪಂದ್ಯ ಸಮ.

ಇನ್ನು ಪೆನಾಲ್ಟಿ ಸ್ಟ್ರೋಕ್. ಒಂದೊಂದು ತಂಡಕ್ಕೆ ಐದೈದು ಹೊಡೆತ, ಎದುರಿಗೆ ಗೋಲ್‌ಕೀಪರ್ ಒಬ್ಬಳೇ. ಪ್ಯಾಡಿಲ್ಲದೆ ಯಾರನ್ನೂ ನಿಲ್ಲಿಸುವುದಿಲ್ಲ ಎಂದು ಅಂಪೈರ್ ಖಡಾಖಂಡಿತವಾಗಿ ಹೇಳಿದರು. ಹತ್ತು ನಿಮಿಷದಲ್ಲಿ ಇನ್ನೊಂದು ಜೋಡಿ ತನ್ನಿ, ಇಲ್ಲವಾದರೆ ಕಪ್ ಸಿಂದಗಿಗೆ. ಎಲ್ಲಿಂದ ತರುವುದು? ಇಂಡಿಯವರು ನಿನ್ನೆಯೇ ಊರಿಗೆ ಹೋಗಿದ್ದರು. ಬಾಗೇವಾಡಿಯ ಗೋಲ್‌ಕೀಪರ್ ಬೆಳಿಗ್ಗೆ ಸೋತು, ಪ್ಯಾಡಿನ ಸಮೇತ ಮನೆಗೆ ಹೋಗಿದ್ದಳು. ಕ್ರಿಕೆಟ್ಟಿನ ಪ್ಯಾಡಿದ್ದ ಕೋಣೆಯ ಕೀಲಿ ಯಾರೋ ಗುಮಾಸ್ತರ ಕಿಸೆಯಲ್ಲಿ, ಗುಮಾಸ್ತರು ಯಾವುದೋ ಮದುವೆಯಲ್ಲಿ. ವಿಜಯಶ್ರೀ ಬಿರಿದ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕೂತುಬಿಟ್ಟಳು.

ಬಂದಗಿಸಾಬರಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಸ್ಪಂಜು ಕೈಕೊಟ್ಟಿತ್ತು, ಮಗಳ ಕೈಗೆ ಕಪ್ ಬರುತ್ತಿತ್ತು. ಒಂದೇ ಏಟಿಗೆ ಇಷ್ಟೆಲ್ಲ ಆಗುವುದು ದಿನಾ ಉಂಟೇ? ಅಷ್ಟರಲ್ಲಿ ಕೌಸರ ಗೋಲಿನ ಮುಂದೆ ಬಗ್ಗಿ ತನ್ನ ಪ್ಯಾಡಿನ ನವಾರ ಬಿಚ್ಚತೊಡಗಿದ್ದು ಕಂಡಿತು. ಅವಳ ಗೆಳತಿಯರು ಸುತ್ತುವರಿದು ಬೇಡ ಬೇಡ ಎಂದು ಕೈ ಹಿಡಿದೆಳೆದರು. ರಾವಸಾಬ ಸರ್ ಓಡಿ ಬಂದು, ಕೈಗೆ ಬಂದ ಕಪ್ಪನ್ನು ಯಾರಾದರೂ ಬಿಡುತ್ತಾರೇನು ಎಂದು ತರಾಟೆಗೆ ತೆಗೆದುಕೊಂಡರು.

"ಗೋಲಿನ್ಯಾಗ ಯಾರೂ ನಿಂದ್ರಲಿಲ್ಲಂತ ಕಪ್ ತಗೊಂಡು ಹೋದ್ರ ಮನ್ಯಾಗ ಅವ್ವಗ ಏನಂತ ಹೇಳ್ಲಿ ಸರ್?" ಎಂದಳು ಕೌಸರ. "ನನಗ ಆಡಿ ಗೆಲ್ಲೂದೈತ್ರಿ."

ಸರ್ ಪಕ್ಕಕ್ಕೆ ಸರಿದರು. ಆದರೆ ತೊಡಕು ಇನ್ನೂ ಇತ್ತು. ಇರುವುದು ಒಂದೇ ಜೋಡಿ. ಇವಳು ನಿಂತಾಗ ಇವಳಿಗೆ, ಅವಳು ನಿಂತಾಗ ಅವಳಿಗೆ, ಹತ್ತು ಸಲ ಬಿಚ್ಚಿ ಕಟ್ಟಬೇಕು. ಆ ನವಾರದ ಗಂಟು ಬೇರೆಯವರ ಕೈಗೆ ಬಗ್ಗುವಂಥದ್ದಲ್ಲ. ಕೌಸರ ಬೇವಿನ ಗಿಡದ ಕಡೆಗೆ ತಿರುಗಿ, ಅಪ್ಪಾ ಬಾ ಎಂದು ಕೈಮಾಡಿದಳು. ಹೀಗೆ ಬಂದಗಿಸಾಬರು ಚಪ್ಪಲಿ ಬಿಟ್ಟು ಮೈದಾನಕ್ಕೆ ಇಳಿದರು.

ಮೊದಲು ಮಗಳಿಗೆ ಕಟ್ಟಿದರು. ಕಟ್ಟಿ ಪಕ್ಕಕ್ಕೆ ಹೋಗಿ, ಗೋಲಿಗೆ ಬೆನ್ನು ಹಾಕಿ ನಿಂತರು. ಧಪ್ ಎಂದಿತು. ತಡೆದಿದ್ದಳು. ಬಿಚ್ಚಿ ವಿಜಯಶ್ರೀಗೆ ಕಟ್ಟಿದರು. ಈಗ ಮಾತ್ರ ತಿರುಗಿ ನಿಂತು ನೋಡಿದರು. ತಾವು ಹೊಲಿದದ್ದು ಚೆಂಡಿಗೆ ಎದುರಾಗುವುದನ್ನು ಅವರು ಕಣ್ಣಾರೆ ಕಂಡದ್ದು ಇದೇ ಮೊದಲು. ಹುಡುಗಿಯ ಕಾಲು ಜೋಳದ ದಂಟಿನ ಹಾಗೆ ಸಣ್ಣಗಿತ್ತು, ಎಷ್ಟು ಬಿಗಿದರೂ ಪ್ಯಾಡು ಒಳಕ್ಕೆ ಹೊರಳುತ್ತಿತ್ತು. ಗೋಲಾಯಿತು. ಎರಡನೆಯ ಸಲ ಬೇರೆ ಬಗೆಯಲ್ಲಿ ಬಿಗಿದು ನೋಡಿದರು. ಆಗಲೂ ಹೊರಳಿತು, ಆಗಲೂ ಗೋಲಾಯಿತು. ಮೂರನೆಯದನ್ನು ಅವಳು ಕೈಯಿಂದ ತಳ್ಳಿದಳು, ನಾಲ್ಕನೆಯದು ತಾನಾಗಿಯೇ ಹೊರಗೆ ಹೋಯಿತು. ಅತ್ತ ಕೌಸರ ಐದರಲ್ಲಿ ಎರಡನ್ನು ತಡೆದಿದ್ದಳು. ಮುದ್ದೇಬಿಹಾಳಕ್ಕೆ ಮೂರು, ಸಿಂದಗಿಗೆ ಎರಡು, ಸಿಂದಗಿಯ ಒಂದೇ ಹೊಡೆತ ಬಾಕಿ. ಗೋಲಾದರೆ ಸಮ. ತಡೆದರೆ ಕೌಸರಳ ಕಪ್ ಹೋಯಿತು.

ಬಂದಗಿಸಾಬರು ವಿಜಯಶ್ರೀಯ ಮುಂದೆ ಮೊಣಕಾಲೂರಿ ಕೂತರು. ಪ್ಯಾಡು ಹೊರಳುವುದು ಅವರೊಬ್ಬರಿಗೇ ಗೊತ್ತಿತ್ತು. ಹುಡುಗಿ ಬಾಯಿಬಿಟ್ಟು ಹೇಳಿರಲಿಲ್ಲ. ಹಂಗಿನ ವಸ್ತು, ಹೇಗೆ ಹೇಳಿಯಾಳು? ಹೀಗೇ ಕಟ್ಟಿ ಎದ್ದುಬಿಟ್ಟರೆ ಯಾರೂ ಏನೂ ಅನ್ನುವಂತಿರಲಿಲ್ಲ. ಎರಡು ನವಾರ ಕಟ್ಟಿಯೂ ಬಿಟ್ಟರು. ಆದರೆ ಜನ್ಮದಲ್ಲಿ ಒಂದು ಗಾದಿಯನ್ನೂ ಸಡಿಲ ಹೊಲಿದು ಕೊಡದ ಕೈ ಅದು, ಮುಂದಕ್ಕೆ ಹೋಗಲೊಲ್ಲದು. ಸಿಟ್ಟು ಬಂತು, ಯಾರ ಮೇಲೆಂದು ಅವರಿಗೇ ತಿಳಿಯಲಿಲ್ಲ. ಕಟ್ಟಿದ್ದನ್ನು ಮತ್ತೆ ಬಿಚ್ಚಿ, ಹೆಗಲ ಮೇಲಿನ ವಸ್ತ್ರವನ್ನು ಟರ್ರನೆ ಎರಡಾಗಿ ಸೀಳಿದರು. ಒಂದೊಂದು ತುಂಡನ್ನು ಮಡಿಸಿ ಒಂದೊಂದು ಕಾಲಿನ ಹಿಂದೆ ತುರುಕಿ ಬಿಗಿದರು.

"ಈಗ ಹೊರಳಂಗಿಲ್ಲ ಯವ್ವಾ," ಎಂದರು. "ಧೈರ್ಯ ಮಾಡಿ ನಿಂದ್ರು."

ವಿದ್ಯಾವತಿ ಒಂದು ಹೆಜ್ಜೆ ಮುಂದಿಟ್ಟು ಚೆಂಡನ್ನು ನೆಲಮಟ್ಟದಲ್ಲಿ ಜೋರಾಗಿ ತಳ್ಳಿದಳು. ವಿಜಯಶ್ರೀ ಬಲಗಾಲು ಚಾಚಿದಳು. ಪ್ಯಾಡು ಹೊರಳಲಿಲ್ಲ. ಧಪ್ಪೆಂದಿತು. ಚೆಂಡು ಸಿಡಿಯದೆ, ಪುಟಿಯದೆ, ಗೆರೆಯ ಈಚೆಗೆ ಒಂದು ಗೇಣು ದೂರದಲ್ಲಿ ಬಿದ್ದು ಸುಮ್ಮನಾಯಿತು.

"ಶಾಬ್ಬಾಸ್!" ಎಂದು ಬಂದಗಿಸಾಬರು ಎರಡೂ ಕೈಯೆತ್ತಿ ಒದರಿದರು. "ನೋಡ್ರಿ, ಹತ್ತಿ ಅಂದ್ರ ಹಿಂಗಿರ್ತೈತಿ!"

ಮೈದಾನವೆಲ್ಲ ಅವರ ಕಡೆ ತಿರುಗಿತು. ಎತ್ತಿದ ಕೈ ಎತ್ತಿದಂತೆಯೇ ನಿಂತಿತ್ತು. ಏನಾಯಿತೆಂದು ಅವರಿಗೆ ಹೊಳೆದದ್ದು ಕೌಸರಳ ಮುಖ ನೋಡಿದ ಮೇಲೆಯೇ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಮುದ್ದೇಬಿಹಾಳದವರು ಕಪ್ ಎತ್ತಿದರು. ವಿಜಯಶ್ರೀ ಪ್ಯಾಡಿನ ಧೂಳು ಒರೆಸಿ, ಸೀಳಿದ ವಸ್ತ್ರವನ್ನು ಮಡಿಸಿ ಮೇಲಿಟ್ಟು, ತಂದು ಕೌಸರಳ ಕೈಗೆ ಕೊಟ್ಟು ತಬ್ಬಿಕೊಂಡಳು. ಕೌಸರಳೂ ತಬ್ಬಿಕೊಂಡಳು. ಬಸ್‌ ಸ್ಟ್ಯಾಂಡಿನವರೆಗೆ ಮಗಳು ಮುಂದೆ, ಅಪ್ಪ ಹಿಂದೆ ನಡೆದರು. ಅಲ್ಲಿ ಕಟ್ಟೆಯ ಮೇಲೆ ಕೂತರು, ನಡುವೆ ಪ್ಯಾಡು. ತಂಡದ ಹುಡುಗಿಯರು ಅತ್ತ ಕಬ್ಬಿನ ಹಾಲು ಕುಡಿಯಲು ಹೋಗಿದ್ದರು.

"ಇವತ್ತ ಒಂಬತ್ತು ಚೆಂಡು ತಡದೇನಿ ಅಪ್ಪಾ," ಎಂದಳು ಕೌಸರ. ಕಣ್ಣು ತುಂಬಿತ್ತು. "ಕಪ್ ಹೋತು, ಹೋಗ್ಲಿ. ಆ ಒಂಬತ್ತರಾಗ ಒಂದಕ್ಕರ ನೀ ಬಾಯಿ ತಗದಿಯೇನು? ಅಕಿ ಒಂದು ತಡದ್ಲು, ಊರಿಗೆಲ್ಲ ಕೇಳೂ ಹಂಗ ಒದರಿದಿ."

ಬಂದಗಿಸಾಬರು ಹತ್ತಿಯ ಮಾತು ತೆಗೆಯಲು ಹೋಗಿ ಅಲ್ಲಿಗೇ ನಿಲ್ಲಿಸಿದರು. ಪ್ಯಾಡಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತ ಕೂತರು.

"ಅಕಿ ನಿಂತಾಗ ನನಗ ಹತ್ತಿ ಕಾಣ್ತಿತ್ತು ಯವ್ವಾ," ಎಂದರು ಕೊನೆಗೆ. "ನೀ ನಿಂತಾಗ ಏನೂ ಕಾಣಂಗಿಲ್ಲ. ಚೆಂಡು ನಿನ್ನ ಕಡೆ ಬಂತಂದ್ರ ನಾ ಕಣ್ಣ ಮುಚ್ಚತೇನಿ. ಧಪ್ ಅಂದ ಮ್ಯಾಲೆ ನನಗ ಉಸರು ಬರೂದು. ಒದರಾಕ ಉಸರರ ಎಲ್ಲೈತಿ?"

ಕೌಸರ ಅವರನ್ನೇ ನೋಡಿದಳು. ಮೂರು ವರ್ಷದ ಅಂಗಡಿಯ ನೆಪವೆಲ್ಲ ಅವಳಿಗೆ ಈಗ ತಿಳಿಯಿತು.

"ಹಂಗಾರ ಒಂಬತ್ತರಾಗ ಒಂದೂ ನೋಡಿಲ್ಲ?"

"ಒಂದೂ ನೋಡಿಲ್ಲ."

ಅಳುತ್ತಿದ್ದವಳಿಗೆ ನಗು ಬಂತು, ನಗುತ್ತಲೇ ಮೂಗು ಒರೆಸಿಕೊಂಡಳು. ಕಟ್ಟೆಯಿಂದ ಕೆಳಗಿಳಿದು, ಸ್ಟಿಕ್ಕು ಹಿಡಿದು, ಅಪ್ಪನ ಎದುರಿಗೆ ಗೋಲಿನ ಮುಂದೆ ನಿಂತ ಹಾಗೆ ಕಾಲು ಅಗಲಿಸಿ ನಿಂತಳು. ಕಣ್ಣು ಮುಚ್ಚಬಾರದೆಂದು ತಾಕೀತು ಮಾಡಿ, ಮೊದಲನೆಯದು ಎತ್ತಲಿಂದ ಬಂತು, ತಾನು ಎತ್ತ ಸರಿದೆ, ಹೇಗೆ ತಡೆದೆ ಎಂದು ತೋರಿಸತೊಡಗಿದಳು. ಬಂದಗಿಸಾಬರು ಕಣ್ಣು ಬಿಟ್ಟುಕೊಂಡು ನೋಡಿದರು. ಒಂದೊಂದಕ್ಕೂ ಶಾಬ್ಬಾಸ್ ಎಂದು ಒದರಿದರು. ಬಸ್‌ ಸ್ಟ್ಯಾಂಡಿನ ಮಂದಿ ನಿಂತು ನೋಡಿದರೂ ಅವರಿಗೆ ಪರಿವೆಯಿರಲಿಲ್ಲ. ಸಿಂದಗಿಯ ಬಸ್ಸು ಬಂದು ನಿಂತಾಗ ಕೌಸರ ಇನ್ನೂ ನಾಲ್ಕನೆಯ ಚೆಂಡಿನಲ್ಲಿದ್ದಳು.