ಅಪ್ಪನ ಫೋನಿನಲ್ಲಿ ಕಾಲೇಜು

ಕೊರೋನಾದಿಂದ ಕಾಲೇಜಿಗೆ ಬೀಗ ಬಿದ್ದು ಎರಡನೇ ಮಳೆಗಾಲ ಶುರುವಾಗಿತ್ತು. ಮಾದನಾಯಕನಹಳ್ಳಿಯ ಗೋದಾಮುಗಳ ಹಿಂದಿನ ವಠಾರದಲ್ಲಿ, ಶೀಟಿನ ಮನೆಯೊಳಗೆ ಕೂತರೆ ಸವಿತಾಳಿಗೆ ಪಾಠ ಚೂರುಚೂರಾಗಿ ಕೇಳಿಸುತ್ತಿತ್ತು. ಅದಕ್ಕೇ ಬಿ.ಕಾಂ. ಎರಡನೇ ವರ್ಷವನ್ನೆಲ್ಲ ಅವಳು ಓದಿದ್ದು ಮನೆ ಓನರ್ ಚಿಕ್ಕಮುನಿಯಮ್ಮನ ತಾರಸಿ ಮೇಲೆ, ನೀರಿನ ಟ್ಯಾಂಕಿನ ನೆರಳಲ್ಲಿ. ಅದೂ ಅಪ್ಪ ಯಂಕಪ್ಪ ಮನೆಯಲ್ಲಿದ್ದ ದಿನ ಮಾತ್ರ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಆ ಮನೆಗೆ ಇದ್ದದ್ದು ಒಂದೇ ಫೋನು. ಕೆಲಸ ಸಿಕ್ಕ ದಿನ ಅದು ಅವನ ಜೇಬಿನಲ್ಲಿ ಹೋಗುತ್ತಿತ್ತು. ಕೆಲಸವಿದ್ದರೆ ಕ್ಲಾಸಿಲ್ಲ. ಕ್ಲಾಸಿದ್ದರೆ ಮನೆಯಲ್ಲಿ ಎಲ್ಲರ ಮುಖ ಬಾಡಿರುತ್ತಿತ್ತು.

ಅವತ್ತು ಅವಳ ಸೆಮಿನಾರು. ಸಹಕಾರ ಸಂಘಗಳ ಮೇಲೆ ಮಾತಾಡಿದರೆ ಇಂಟರ್ನಲ್ ಮಾರ್ಕ್ಸು. ಕೆಲಸವಿಲ್ಲದೆ ಕೂತಿದ್ದ ಅಪ್ಪ, ಯಾರೂ ಗದ್ದಲ ಮಾಡಿಕೊಂಡು ಮೇಲೆ ಬಾರದಂತೆ ಮೆಟ್ಟಿಲಲ್ಲಿ ಕಾವಲು ಕೂತ.

“ಕ್ಯಾಮೆರಾ ಆನ್ ಮಾಡಮ್ಮ,” ಅಂದರು ಪಾಠ ಮಾಡುವ ಮೇಘಾ ಮೇಡಂ. “ಮುಖ ಕಾಣದೆ ಮಾರ್ಕ್ಸ್ ಹೇಗೆ ಹಾಕ್ಲಿ?”

ಆನ್ ಮಾಡಿದಳು. ಹಿಂದಿನ ತಂತಿಯ ಮೇಲಿದ್ದ ಲಂಗ, ಅಂಗಿಗಳೆಲ್ಲ ಕಂಡವು. ಯಾರೋ ನಕ್ಕಂತಾಯಿತು. ಕಣ್ಣೆತ್ತದೆ ಶುರು ಮಾಡಿದಳು. ಪೀಠಿಕೆ ಮುಗಿಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು, ನೆಟ್ ನಿಂತಿತು.

“ಅಪ್ಪಾ, ಮೇಸ್ತ್ರಿ ಕರಿಬಸಪ್ಪ!”

ಯಂಕಪ್ಪ ಅರ್ಧ ಎದ್ದ. ಎತ್ತದಿದ್ದರೆ ಮೇಸ್ತ್ರಿ ಇನ್ನೊಬ್ಬನನ್ನು ಕೆಲಸಕ್ಕೆ ಕರೆಯುತ್ತಾನೆ ಅನ್ನುವುದು ಇಬ್ಬರಿಗೂ ಗೊತ್ತು. ಹಾಗೇ ಕೂತುಬಿಟ್ಟ.

“ಕಟ್ ಮಾಡವ್ವ. ನೀ ಹೇಳೂದು ಹೇಳು.”

ಕಟ್ ಮಾಡಿದಳು. ಮತ್ತೆ ಬಂತು, ಮತ್ತೆ ಕಟ್. ಕ್ಲಾಸಿಗೆ ವಾಪಸು ಸೇರಿದ್ದೇ ದಿನದ ಡೇಟಾ ಮುಗಿಯಿತು. ಪರದೆ ಮೇಲೆ ಮೇಡಂ ಬಾಯಿ ತೆರೆದ ಹಾಗೇ ನಿಂತುಬಿಟ್ಟರು.

ಅಪ್ಪ ಮೇಸ್ತ್ರಿಗೆ ಫೋನು ಹಚ್ಚಿದ. “ಆಳು ಸಿಕ್ಕಿದ್ರು ಯಂಕಪ್ಪ. ಫೋನ್ ಎತ್ತಬೇಕಲ್ಲಪ್ಪಾ,” ಅಂದ ಕರಿಬಸಪ್ಪ.

“ಆತೇನವ್ವ ನಿಂದು?” ಅಂತ ಅಪ್ಪ ಫೋನು ವಾಪಸು ಕೊಟ್ಟ. ಇಲ್ಲ ಅಂತ ಯಾವ ಬಾಯಲ್ಲಿ ಹೇಳುವುದು? ಅವಳಿಗೆ ಅಳುವುದಕ್ಕೂ ಬೇಸರ ಬಂದಿತ್ತು. ಮೇಡಂ ನಂಬರು ಒತ್ತಿದಳು.

“ಡೇಟಾ ಇಲ್ರೀ ಮೇಡಂ. ಹಿಂಗ ಫೋನಿನಾಗ ಹೇಳ್ತೀನಿ, ಕೇಳ್ತೀರಾ?”

ಆ ಕಡೆ ಕುಕ್ಕರ್ ಕೂಗಿತು. ಬೆಳಗಿನಿಂದ ಪರದೆ ನೋಡಿ ಅವರಿಗೂ ಸಾಕಾಗಿತ್ತೇನೋ, ನಿಟ್ಟುಸಿರು ಕೇಳಿಸಿತು. “ಹೇಳು. ಬೇಗ.”

ಸವಿತಾ ಹೇಳಿದಳು. ಮೇಡಂ ನಡುವೆ ಪ್ರಶ್ನೆ ಹಾಕಿದರು, ಅದಕ್ಕೂ ಉತ್ತರಿಸಿದಳು. ಅಪ್ಪ ಗೋಡೆಗೆ ತಲೆಯಾನಿಸಿ ಕೇಳುತ್ತಿದ್ದ.

“ಚೆನ್ನಾಗ್ ಹೇಳ್ದೆ. ಆದ್ರೆ ಕ್ಲಾಸಲ್ಲಿ ಹೇಳಿಲ್ವಲ್ಲ, ಪೂರ್ತಿ ಕೊಡೋಕಾಗಲ್ಲ. ಪಾಸ್ ಮಾಡ್ತೀನಿ,” ಅಂದರು ಮೇಡಂ.

“ಪಾಸಾತಪ್ಪ,” ಅಂದಳು. ಅವನು ತಲೆಯಾಡಿಸಿದ, ಮೊಣಕಾಲು ಹಿಡಿದು ಎದ್ದ.

“ನಾಳಿ ಸೈಟಿಗೆ ನಡಕೋತ ಹೋಗಿ ನಾನ ಕೆಲಸ ಕೇಳ್ತೀನಿ. ಫೋನು ನಿನ್ನ ಹತ್ರಾನ ಇರ್ಲಿ.”

ಬ್ಯಾಡಪ್ಪ ಅನ್ನಬೇಕು ಅನಿಸಿತು. ನಾಳೆಯೂ ಕ್ಲಾಸಿತ್ತು. ಅನ್ನಲಿಲ್ಲ.