ಗಿಳಿಗೆ ಕೆಂಪು ದಾರ

ಮಡಗಾಂವ ಮಾರ್ಕೆಟ್ಟಿನ ಮುಸ್ತಾಕನ ಅಂಗಡಿಯಲ್ಲಿ ಯಾವ ಬಣ್ಣದ ದಾರಕ್ಕೂ ಬರವಿಲ್ಲ. ಹಸಿರಿನಲ್ಲೇ ಎಷ್ಟೋ ನಮೂನೆ ಇಟ್ಟಿದ್ದಾನೆ. ಅಷ್ಟಿದ್ದೂ ನನ್ನ ಬೀಗತಿ ಮಹಾದೇವಕ್ಕ ಕೈ ಹಾಕಿದ್ದು ಕೆಂಪು ರೀಲಿಗೆ. ಕೌದಿಯ ಮೇಲಿನ ಹಸಿರು ಗಿಳಿಗೆ ಕೆಂಪು ದಾರ!

"ಗಿಳಿಗೆ ಗಾಯ ಆದಂಗ ಕಾಣತೈತ್ರಿ," ಎಂದೆ.

"ಕೌದಿ ಅಂದಮ್ಯಾಲೆ ಹೊಲಿಗಿ ಎದ್ದು ಕಾಣಬೇಕ್ರಿ ಅಕ್ಕಾರ. ಮುಚ್ಚಿಟ್ಟು ಹೊಲ್ಯಾಕ ನಾವೇನು ಕಳ್ಳರೇನು?"

"ಬಟ್ಟಿ ಬಣ್ಣಕ್ಕ ದಾರ ಕೂಡಬೇಕು. ಹೊಲಿಗಿ ಕಂಡ್ರ ಅದು ಕೌದಿ ಅಲ್ಲ, ಗೋಣಿಚೀಲ."

ಮುಸ್ತಾಕ ಹುಬ್ಬಳ್ಳಿಯವನು, ಹೆಂಗಸರ ಜಗಳದ ನಡುವೆ ಬಾಯಿ ಹಾಕುವಷ್ಟು ದಡ್ಡನಲ್ಲ. ಎರಡೂ ರೀಲುಗಳನ್ನು ಕಟ್ಟಿ ಕೊಟ್ಟ.

ವಿಷಯ ದಾರದ್ದಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಮಗಳು ಕಾಂಚನಾ ಚೊಚ್ಚಲ ಹೆರಿಗೆಗೆ ಫಾತೋರ್ಡಾದ ನಮ್ಮ ಮನೆಗೆ ಬಂದಿದ್ದಳು. ಹುಟ್ಟುವ ಕೂಸಿಗೆ ಇಬ್ಬರೂ ಅಜ್ಜಿಯರ ಹಳೆ ಸೀರೆ ಸೇರಿಸಿ ಕೌದಿ, ಮೇಲೆ ಬಟ್ಟೆಯಲ್ಲಿ ಕತ್ತರಿಸಿದ ಗಿಳಿ, ಆನೆ ಇಟ್ಟು ಕೈಹೊಲಿಗೆ. ಇಲ್ಲಿಯವರೆಗೆ ಸಮಾಧಾನವೇ. ಆದರೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಎರೆಯುವವರು ಯಾರು? ಹೆತ್ತವಳ ತಾಯಿ ನಾನು. ಮಹಾದೇವಕ್ಕನೋ, ಮಗ ಶ್ರೀಶೈಲನ ಕೂಸಿಗೆ ಎರೆಯಲೆಂದೇ ಮಂಗೋರ್ ಹಿಲ್ಲಿನಿಂದ ಗಂಟುಮೂಟೆ ಕಟ್ಟಿಕೊಂಡು ಬಂದವರು.

ನಮ್ಮ ಎಳೆದಾಟ ಕೇಳಿ ಕೇಳಿ ಕಾಂಚನಾಗೆ ಸಾಕಾಯಿತು. "ಯಾರು ಎರೀಬೇಕು ಅಂತ ಕೌದಿ ಹೊಲಿಗಿ ನೋಡಿ ಹೇಳತೇನಿ. ಇಬ್ಬರದೂ ಚಲೋ ಇರಲಿಲ್ಲಂದ್ರ ಎರ್ಯಾಕ ಪಗಾರದ ಹೆಂಗಸನ್ನ ಹಚ್ಚೂದು," ಎಂದಳು. ಅವಳು ಹೇಳಿದ್ದು ಚೇಷ್ಟೆಗೆ. ನಾವು ಅದನ್ನು ಕೋರ್ಟಿನ ಆರ್ಡರ್ ಎಂದು ತಿಳಿದೆವು.

ನನ್ನ ಕೈ ನಡುಗುತ್ತದೆ ಎಂದು ಯಾರೂ ಹೇಳುವಂತಿಲ್ಲ. ಚಹಾ ಹಿಡಿದಾಗ ಕಪ್ಪಿನ ಕೆಳಗಿನ ಬಸಿ ಒಂಚೂರು ಸದ್ದು ಮಾಡುತ್ತದೆ, ಅದು ಬಸಿಯ ದೋಷ. ಹೊಲಿಗೆ ಸೊಟ್ಟಗಾದರೂ ಬಟ್ಟೆಯದೇ ಬಣ್ಣದ ದಾರದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದಕ್ಕೆ ನಾನು ಅಭಿರುಚಿ ಎಂದು ಹೆಸರಿಟ್ಟಿದ್ದೆ.

ಪಡಸಾಲೆಯಲ್ಲಿ ಕೌದಿ ಹಾಸಿ ಆ ಅಂಚಿನಿಂದ ಅವರು, ಈ ಅಂಚಿನಿಂದ ನಾನು ಹೊಲಿಯಲು ಕೂತೆವು. ಮಹಾದೇವಕ್ಕನ ಕೆಂಪು ಹೊಲಿಗೆ ಗೆರೆ ಹೊಡೆದಂತೆ ಹೋಗುತ್ತಿತ್ತು, ನನಗೆ ಮೈಯೆಲ್ಲ ಉರಿ. ಅದರ ಮೇಲೆ ಮಾತುಮಾತಿಗೆ "ಅಕ್ಕಾರ, ಸೂಜಿ ಪೋಣಿಸಿ ಕೊಡ್ರಿ" ಅಂತ ಹುಕುಂ ಬೇರೆ. ನನ್ನನ್ನು ಆಳು ಮಾಡಿಕೊಂಡಿದ್ದಾರೆ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಮಧ್ಯಾಹ್ನ ಕೆಂಪು ದಾರ ಮುಗಿಯಿತು. "ಹಸಿರಿಲೆ ಹೊಲಿಯಾಕ ಬರಂಗಿಲ್ಲೇನ್ರಿ?" ಎಂದು ಕೆಣಕಿದೆ. "ಯಾಕ ಬರಂಗಿಲ್ಲ, ಕೊಡ್ರಿ," ಎಂದು ಕೈ ಚಾಚಿದರು. ಗಿಳಿಯನ್ನು ತೊಡೆಯ ಮೇಲೆಳೆದುಕೊಂಡು ಬಹಳ ಹೊತ್ತು ಹೊಲಿದರು. ಆಮೇಲೆ ನೀರು ಕುಡಿಯಲೆಂದು ಎದ್ದರು. ಅವರ ಜೊತೆ ಕೌದಿಯೂ ಎದ್ದಿತು. ಗಿಳಿಯನ್ನು ಅವರು ಕೌದಿಯ ಜೊತೆ ತಮ್ಮ ಸೀರೆಗೂ ಸೇರಿಸಿ ಗಟ್ಟಿಯಾಗಿ ಹೊಲಿದುಬಿಟ್ಟಿದ್ದರು.

ಅಂದರೆ ಈ ಹೆಂಗಸಿಗೆ ಕಣ್ಣು ಕಾಣುವುದಿಲ್ಲ! ಕೆಂಪು ಬಿಟ್ಟರೆ ಬೇರೆ ದಾರ ಗೊತ್ತೇ ಆಗುವುದಿಲ್ಲ! ನನಗಾದ ಖುಷಿ ಹೇಳಬಾರದು. ಮನಸ್ಸಿನಲ್ಲಿ ಕೂಸು ಆಗಲೇ ನನ್ನ ಕಾಲ ಮೇಲೆ ಬಂದು ಮಲಗಿತ್ತು. ದೊಡ್ಡ ಮನಸ್ಸು ಮಾಡಿ ಸೀರೆ ಬಿಡಿಸಲು ಕತ್ತರಿ ಹಿಡಿದೆ. ಕತ್ತರಿ ಟಕಟಕ ಅಂದಿತು. ಮಹಾದೇವಕ್ಕ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ಅಕ್ಕಾರ, ನಿಮ್ಮ ಕೈ ನಡಗಾಕತ್ತೈತಿ."

"ನಿಮ್ಮ ಕಣ್ಣು?"

"ಏನಾತು?" ಎಂದು ಕಾಂಚನಾ ಒಳಗಿನಿಂದ ಕೂಗಿದಳು.

"ಏನಿಲ್ಲ," ಎಂದೆವು ಇಬ್ಬರೂ ಒಟ್ಟಿಗೆ.

ಮಹಾದೇವಕ್ಕ ದನಿ ತಗ್ಗಿಸಿದರು. "ಪೊರಿ ಬಂದೈತ್ರಿ. ಆಪರೇಷನ್ ಮಾಡಿಸಿದ್ರ ಬಗ್ಗಬ್ಯಾಡ, ನೀರು ಮುಟ್ಟಬ್ಯಾಡ ಅಂತಾರ. ಕೂಸಿಗೆ ಎರೆದು ಆಮ್ಯಾಲೆ ಮಾಡಿಸ್ಕೊಂತೇನಿ. ಹೇಳಬ್ಯಾಡ್ರಿ."

ಹೇಳಿದರೆ ನನ್ನ ಕೈಯ ಗುಟ್ಟೂ ಬಯಲಾಗುತ್ತಿತ್ತು.

ಕೌದಿ ಮುಗಿದಾಗ ಕಾಂಚನಾ ಕೈಯಾಡಿಸಿ ನೋಡಿ ಹಿಗ್ಗಿದಳು. "ಅತ್ತೀದು ಎಷ್ಟು ನೆಟ್ಟಗೈತಿ! ಅವ್ವಂದು ಕಾಣಸಂಗೇ ಇಲ್ಲ! ಇಬ್ಬರೂ ಪಾಳಿ ಮ್ಯಾಲೆ ಎರೀರಿ." ಇಬ್ಬರೂ ಪಾಸಾಗಿದ್ದೆವು. ಇನ್ನು ಒಬ್ಬೊಬ್ಬರೇ ಎರೆಯಲೇಬೇಕಿತ್ತು.

ಹೆಣ್ಣು ಕೂಸು ಹುಟ್ಟಿತು. ಮೊದಲ ಪಾಳಿ ನನ್ನದು. ಬಚ್ಚಲಲ್ಲಿ ಮಣೆಯ ಮೇಲೆ ಕೂತು ಕಾಲು ಚಾಚಿದೆ. ಎಣ್ಣೆ ಹಚ್ಚಿದ ಆ ಪುಟ್ಟ ಮೈ ಅಂಗೈಯಲ್ಲಿ ಜಾರಿದ ಕೂಡಲೇ ಎದೆಗವಚಿಕೊಂಡೆ. ಬಾಗಿಲು ತೆರೆದು ಬೀಗತಿಯನ್ನು ಒಳಗೆ ಕರೆದುಕೊಂಡೆ.

"ನೀವ ಕುಂದರ್ರಿ ಮಹಾದೇವಕ್ಕಾ."

ಕೂಸು ಅವರ ಕಾಲ ಮೇಲೆ ಹೋಯಿತು. ನನ್ನ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ನೀರಿನ ಬಿಸಿ ನೋಡುವುದು, ಸೋಪು ಕಣ್ಣಿಗಿಳಿಯದಂತೆ ಎಚ್ಚರಿಸುವುದು, ತಂಬಿಗೆಯಿಂದ ನೀರು ಹನಿಸುವುದು ನನ್ನ ಪಾಲಿಗೆ ಬಂತು. ಹನಿಸಲು ನಡುಗುವ ಕೈಯೇ ಚಲೋ ಎಂದು ಆವತ್ತು ಗೊತ್ತಾಯಿತು.

ಹೊರಗೆ ಕಾಂಚನಾ ಫೋನಿನಲ್ಲಿ ಗಂಡನಿಗೆ ಹೇಳುತ್ತಿದ್ದಳು: "ಇಬ್ಬರದೂ ಭಾಳ ಜೀವ ನೋಡ್ರಿ, ಒಬ್ಬರನ್ನ ಬಿಟ್ಟು ಒಬ್ಬರು ಎರ್ಯಂಗಿಲ್ಲ."

ಮಹಾದೇವಕ್ಕ ಕೂಸಿನ ಮುಖದ ಮೇಲೆ ಮೆಲ್ಲಗೆ ಬೆರಳಾಡಿಸಿದರು.

"ಅಕ್ಕಾರ, ನನಗ ಬರೇ ಮಂಜು. ಖರೇ ಹೇಳ್ರಿ, ಮೂಗು ಯಾರ್ದು?"

ಮೂಗು ಪೂರಾ ನಮ್ಮ ಮನೆತನದ್ದು. ನನ್ನ ಅವ್ವನದು, ನನ್ನದು, ಕಾಂಚನಾಳದು.

"ನಿಮ್ದ ರೀ," ಎಂದೆ.