ಕ್ಲೆಮ್ ಆಗಬೇಡಿ

ಸುಟ್ಟ ತೊಗಲು, ಒದ್ದೆ ಉಣ್ಣೆ, ಡೀಸೆಲ್. ಅಪ್ಪ ಕ್ಲೆಮ್‌ನ ಹಳೆಯ ಕೋಟನ್ನು ಶವಪೆಟ್ಟಿಗೆಯ ಮೇಲೆ ಹೊದಿಸುತ್ತಿದ್ದ ಮೆರಿನ್‌ಳ ಮೂಗಿಗೆ ಬಾಲ್ಯದ ಆ ವಾಸನೆ ಬಡಿಯಿತು. ಸ್ಕೀ ಆಡುವವರನ್ನು ಹಿಮದ ಗುಡ್ಡದ ಮೇಲಕ್ಕೆ ಎಳೆದೊಯ್ಯುವ ಹಗ್ಗ ಹಿಡಿದವರ ಕೈಗವಸುಗಳೆಲ್ಲ ಹೀಗೇ ನಾರುತ್ತಿದ್ದವು.

"ಸ್ವಲ್ಪ ಸರಿಯಮ್ಮ, ಇದನ್ನ ಇಡ್ಬೇಕು."

ಸ್ಕೀ ಕ್ಲಬ್ಬಿನ ಅಧ್ಯಕ್ಷ ಡೆಸ್ಮಂಡ್ ಒಂದು ಹಲಗೆಯನ್ನು ಪೆಟ್ಟಿಗೆಗೆ ಒರಗಿಸಿದ. ನಲವತ್ತು ವರ್ಷ ಆ ಹಗ್ಗದ ಲಿಫ್ಟಿನ ಮೊದಲ ಕಂಬದಲ್ಲಿ ನೇತಾಡಿದ್ದ ಹಲಗೆ ಅದು: 'ಕ್ಲೆಮ್ ಆಗಬೇಡಿ. ಬೆರಳು ಉಳಿಸಿಕೊಳ್ಳಿ.'

ಸಭಾಂಗಣದಲ್ಲಿ ನಗು ಹರಡಿತು.

"ಟ್ರ್ಯಾಕ್ಟರ್ ಎಂಜಿನ್ನು, ಹಡಗಿನ ಹಗ್ಗ, ಕುರಿದೊಡ್ಡಿ ಕಂಬ. ಇಷ್ಟರಲ್ಲೇ ಲಿಫ್ಟ್ ಕಟ್ಟಿದ ಮಹಾರಾಯ!" ಎಂದ ಡೆಸ್ಮಂಡ್. "ಕುರ್ಚಿ ಇಲ್ಲ, ಗಿರ್ಚಿ ಇಲ್ಲ. ಸೊಂಟಕ್ಕೆ ಕಟ್ಟಿದ ಇಕ್ಕುಳದಲ್ಲಿ ಹಗ್ಗ ಕಚ್ಚಿಸು, ಮೇಲೆ ಹೋಗ್ತಾ ಇರು. ರಾಟೆ ಹತ್ರ ಕೈ ಜೋಪಾನ ಅಂತ ಊರಿಗೆಲ್ಲ ಪಾಠ ಹೇಳ್ದೋನೇ ಎರಡು ಬೆರಳು ಕೊಟ್ಟ!"

"ಹಗ್ಗ ಮಾತ್ರ ಬಿಡ್ಲಿಲ್ಲಪ್ಪ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಈ ಹಲಗೆ ಇನ್ಮೇಲೆ ಮನೆಯವರಿಗೆ. ನೆನಪಿಗಿರ್ಲಿ."



*

ಅವಳಿಗೆ ಆಗ ಹತ್ತು ವರ್ಷ. ತುಂಡಾದ ಹಗ್ಗವನ್ನು ಹೆಣೆದು ಸೇರಿಸಿ, ಅಪ್ಪ ಅದನ್ನು ರಾಟೆಗೆ ಕೂರಿಸುತ್ತಿದ್ದ. ಅವನು ಮೂರು ಸಲ ಸೀಟಿ ಊದುವವರೆಗೆ ಎಂಜಿನ್ ಮುಟ್ಟಬಾರದು. ಎಂಜಿನ್ ಮನೆಯಲ್ಲಿದ್ದ ಡೆಸ್ಮಂಡ್ ಸಿಗರೇಟು ಹಚ್ಚಿದ, ಬೇಸರದಿಂದ ಹೊರಗೆ ಇಣುಕಿದ, ಎಂಜಿನ್ನಿನ ಸನ್ನೆಗೋಲು ಎಳೆದ. ಸೀಟಿ ಒಂದು ಸಲವೂ ಕೇಳಿರಲಿಲ್ಲ.

ಆಸ್ಪತ್ರೆಗೆ ಹೋಗುವಾಗ ಮಫ್ಲರ್ ಸುತ್ತಿದ ಕೈಯನ್ನು ಎದೆಗೊತ್ತಿಕೊಂಡು ಅಪ್ಪ ಹೇಳಿದ್ದ: "ಯಾರು ಕೇಳಿದ್ರೂ ಅಪ್ಪನೇ ಗಮನ ಕೊಡ್ಲಿಲ್ಲ ಅನ್ನು, ಚಿನ್ನು. ಡೆಸ್‌ಗೆ ಈಗ್ತಾನೆ ಮಗು ಹುಟ್ಟಿದೆ. ಈ ಕೆಲಸ ಹೋದ್ರೆ ಏನ್ಮಾಡ್ತಾನೆ? ಒಂದಿನ ಅವನೇ ಹೇಳ್ಕೋತಾನೆ, ನೋಡ್ತಿರು."

ಮರುವರ್ಷದ ಚಳಿಗಾಲದಲ್ಲಿ ಆ ಹಲಗೆಗೆ ಅಕ್ಷರ ಬರೆದವನು ಡೆಸ್ಮಂಡನೇ. ಅಪ್ಪ ಅದನ್ನು ಓದಿ ನಕ್ಕಿದ್ದ. ಆಮೇಲೂ ಕಾಯುತ್ತಲೇ ಇದ್ದ.

*

"ಸೀಟಿ ಊದಿರ್ಲಿಲ್ಲ," ಎಂದಳು ಮೆರಿನ್.

"ಏನಮ್ಮ?"

"ಅಪ್ಪ ಸೀಟಿ ಊದೋ ಮೊದ್ಲೇ ನೀವು ಎಂಜಿನ್ ಶುರು ಮಾಡಿದ್ರಿ. ನಾನು ಅಲ್ಲೇ ನಿಂತಿದ್ದೆ. ನಿಮ್ಮ ಕೆಲಸ ಉಳೀಲಿ ಅಂತ ಅಪ್ಪ ನನ್ನ ಬಾಯಿ ಮುಚ್ಚಿಸಿದ. ಇವತ್ತಾದ್ರೂ ಹೇಳ್ತೀರಿ ಅಂದ್ಕೊಂಡಿದ್ದೆ."

ಡೆಸ್ಮಂಡನ ನಗು ತುಟಿಯಲ್ಲೇ ಒಣಗಿತು. "ದುಃಖದಲ್ಲಿ ಏನೇನೋ..." ಎಂದು ಸುತ್ತ ನೋಡಿದ. ಇಷ್ಟು ಹೊತ್ತು ನಕ್ಕವರು ಈಗ ಚಹಾದ ಬಟ್ಟಲಿನೊಳಗೆ ಕಣ್ಣು ನೆಟ್ಟಿದ್ದರು. "ಸತ್ತ ಮನೇಲಿ ಇದೆಲ್ಲ ಯಾಕೆ," ಎಂದು ಯಾರೋ ಗೊಣಗಿದರು. ಬೇಡ ಎನ್ನಲು ಮಾತ್ರ ಅವರಿಗೆ ಬಾಯಿತ್ತು.

ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಯೋನಾ, ಡೆಸ್ಮಂಡನ ಹೆಂಡತಿ, ಒಳಗೆ ಹೋದಳು. ಹಬೆಯಾಡುವ ಕುರಿಮಾಂಸದ ಸಾರು, ಬೆಣ್ಣೆ ಸವರಿದ ಬ್ರೆಡ್ಡು ಹಿಡಿದು ಹೊರಬಂದಳು. ತನಗೇ ಎಂದುಕೊಂಡು ಡೆಸ್ಮಂಡ್ ಕೈ ಚಾಚಿದ. ಅವಳು ಆ ಕೈಯನ್ನು ದಾಟಿ ನಡೆದು, ಬಟ್ಟಲನ್ನು ಮೆರಿನ್‌ಳ ಎರಡೂ ಅಂಗೈಗಳ ನಡುವೆ ಇಟ್ಟಳು.